ಮೂರನೆಯ ಪೆಟ್ಟು

ವಿಟ್‌ಕಾಂಬ್‌ಗೆ ಒಜೆಲ್ಲಾಳ ಕಾಲು ಬೇಕಾಗಿತ್ತು. ಕಾಲು ಮಾತ್ರ. ಹಾಡುವ ಗಂಟಲು ಬೇಡ, ಪಿಯಾನೋ ಬಾರಿಸುವ ಬೆರಳು ಬೇಡ, ಮುಖವಂತೂ ಮೊದಲಿನಿಂದಲೂ ಬೇಡ. ಎಡಗಾಲಿನ ಹಿಮ್ಮಡಿ ಒಂದಿದ್ದರೆ ಸಾಕು.

ಸುದ್ದಿ ತಂದವನು ಲೂಥರ್ ಪೂಲ್. ವಿಟ್‌ಕಾಂಬ್‌ನ ರೆಕಾರ್ಡ್ ಕಂಪನಿಯಲ್ಲಿ ಯಾರು ಹಾಡಿದರೂ ಅವರ ಹಿಂದೆ ನಿಂತು ಆಳೆತ್ತರದ ತಂತಿವಾದ್ಯ ಬೇಸ್ ಮೀಟುವವನು. ಮಧ್ಯಾಹ್ನ ಊಟಕ್ಕೆ ಬಿಟ್ಟ ಹೊತ್ತಿನಲ್ಲಿ ಲಾಂಡ್ರಿಯ ಹಿಂದಿನ ಗೇಟಿಗೆ ಬಂದು ಟೋಪಿ ತೆಗೆದು ನಿಂತ. ಒಜೆಲ್ಲಾ ಬೋರಲು ಹಾಕಿದ ಸಾಬೂನಿನ ಡಬ್ಬದ ಮೇಲೆ ಕೂತು ತಣ್ಣಗಾದ ಮೆಕ್ಕೆಜೋಳದ ರೊಟ್ಟಿ, ಬೇಯಿಸಿದ ಸೊಪ್ಪು ತಿನ್ನುತ್ತಿದ್ದಳು. ಬೆಳಗಿನಿಂದ ನಿಂತೇ ಇದ್ದ ಕಾಲುಗಳನ್ನು ಮುಂದಕ್ಕೆ ಚಾಚಿಕೊಂಡಿದ್ದಳು.

"ಅಕ್ಕಾ, ಭಾನುವಾರ ಸ್ಟುಡಿಯೋಗೆ ಬರ್ಬೇಕಂತೆ," ಎಂದ ಲೂಥರ್.

"ಯಾವ ಹಾಡು?"

"ನಿಂದೇ. ಅಂಗಿ ಹಾಡು."

"ಅದು ಆಗ್ಲೇ ಆಗಿದೆಯಲ್ಲೋ. ಎರಡು ವರ್ಷ ಆಯ್ತು."

ಲೂಥರ್ ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸಿದ. "ಈ ಸಲ ಹಾಡೋದು ಒಂದು ಬಿಳೀ ಹುಡುಗಿ. ಜೋನಿ ಅಂತ. ನೀನು ಹಿಮ್ಮಡಿಯಲ್ಲಿ ಹಾಕ್ತೀಯಲ್ಲ, ಆ ಪೆಟ್ಟು ಅವರ ಡ್ರಮ್ಮಿನವನಿಗೆ ಬರ್ತಿಲ್ಲ. ಒಂದು ವಾರದಿಂದ ಹೆಣಗ್ತಿದಾನೆ. ಅದಕ್ಕೇ ನಿನ್ನ ಕಾಲು ಬೇಕಂತೆ."

"ಕಾಲು ಕಳಿಸ್ಕೊಡ್ಲೇನಪ್ಪಾ? ಸಂಜೆ ವಾಪಸ್ ತಂದ್ಕೊಡು. ಸೋಮವಾರ ಕೆಲಸಕ್ಕೆ ಬೇಕು."

ಲೂಥರ್ ನಗಲಿಲ್ಲ. "ಬಂದ್ರೆ ಹೆಂಗಸರ ಹಾಡು ರೆಕಾರ್ಡ್ ಮಾಡ್ತಾನಂತೆ. ಅವನ ಬಾಯಲ್ಲೇ ಕೇಳ್ದೆ. ಬರೋ ತಿಂಗಳು."

ಒಜೆಲ್ಲಾಳ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ.

ಹೆಂಗಸರ ಹಾಡು ಅವಳು ಎರಡು ವರ್ಷದಿಂದ ಹೊತ್ತು ತಿರುಗುತ್ತಿದ್ದ ಹಾಡು. ಲಾಂಡ್ರಿಯ ಮೂರನೆಯ ಸಾಲಿನಲ್ಲಿ ಅವಳೂ ಸೇರಿ ಆರು ಜನ ಇಸ್ತ್ರಿ ಯಂತ್ರಕ್ಕೆ ನಿಲ್ಲುತ್ತಾರೆ. ಉಳಿದ ಐವರ ಮೇಲೆ ಐದು ಚರಣ. ಮೊದಲನೆಯದು ವಿನೋರಾ ಟೇಟ್‌ದು, ಆಮೇಲೆ ಕಾರಿ ಬೆಲ್, ಡೆಲ್ಫೀನ್, ಮಾಜೆಲ್, ಕೊನೆಗೆ ಲೂಡೀ. ಯಾರ ಗಂಡ ಯಾವ ರೈಲು ಹತ್ತಿ ಹೋದ, ಯಾರ ಕೈಗೆ ಎಲ್ಲಿ ಸುಟ್ಟಿತು, ಯಾರು ಮಿಸಿಸಿಪ್ಪಿಯಲ್ಲಿ ಬಿಟ್ಟುಬಂದ ಮಗಳ ಹೆಸರು ಹೇಳಿಕೊಂಡು ಹಾಳೆ ಮಡಚುತ್ತಾರೆ, ಎಲ್ಲ ಅದರಲ್ಲಿತ್ತು. ಹೆಸರು ಹಿಡಿದೇ ಹಾಡಿದ್ದಳು. ವಿಟ್‌ಕಾಂಬ್ ಒಮ್ಮೆ ಕೇಳಿ, "ಬಟ್ಟೆ ಒಗೆಯೋರ ಪಟ್ಟಿ ಯಾರು ಕೊಂಡ್ಕೋತಾರೆ?" ಎಂದು ಎದ್ದುಹೋಗಿದ್ದ.

ಆದರೆ ಸಾಲಿನ ಹೆಂಗಸರು ಬಿಟ್ಟಿರಲಿಲ್ಲ. ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದರು. ವಿನೋರಾಗಂತೂ ಅದೊಂದೇ ಧ್ಯಾನ. ಅರವತ್ತೆರಡರ ಹೆಂಗಸು, ಹಬೆ ಕುಡಿದು ಕುಡಿದು ಎದೆ ಕೆಟ್ಟಿತ್ತು. ರೆಕಾರ್ಡ್ ಆದರೆ ಒಂದನ್ನು ಮಿಸಿಸಿಪ್ಪಿಯ ತನ್ನ ಮಗಳಿಗೆ ಕಳಿಸಬೇಕೆಂದು ರಟ್ಟಿನ ಪೆಟ್ಟಿಗೆಯನ್ನೂ ಎತ್ತಿಟ್ಟುಕೊಂಡಿದ್ದಳು. ಒಮ್ಮೆ ಕೇಳಿದ್ದಳು: "ಎಲ್ಲಾರ ಹೆಸರೂ ಐತೆ. ನಿನ್ನ ಹೆಸರೆಲ್ಲೇ?"

"ನಂದು ರೆಕಾರ್ಡ್ ತಟ್ಟೆ ಮೇಲೆ ಅಚ್ಚಾಗಿರುತ್ತಲ್ಲ ವಿನೋರಕ್ಕ. ಮತ್ತೆ ಹಾಡ್ನಲ್ಲೂ ಯಾಕೆ?"

"ಅದೂ ನಿಜ ಕಣೇ," ಎಂದಿದ್ದಳು ವಿನೋರಾ.

ಲೂಥರ್ ಹೊರಡುವ ಮುನ್ನ ಒಜೆಲ್ಲಾ ಕೇಳಿದಳು: "ಬರ್ದೇ ಇದ್ರೆ?"

"ಗೊತ್ತಲ್ಲಕ್ಕ. ಕಾಗದ ಅವನ ಹತ್ರ ಐತೆ."

ಗೊತ್ತಿತ್ತು. ಇನ್ನೂ ಎರಡು ವರ್ಷ ಅವಳು ಬೇರೆ ಯಾವ ಕಂಪನಿಯ ಮೈಕಿನ ಮುಂದೂ ಬಾಯಿ ತೆರೆಯುವಂತಿಲ್ಲ. ತನ್ನ ಮೈಕಿನ ಮುಂದೆ ನಿಲ್ಲಿಸುವುದು ಬಿಡುವುದು ಅವನ ಇಷ್ಟ. ಇದಕ್ಕೆ ಅವರು ಒಪ್ಪಂದ ಎನ್ನುತ್ತಾರೆ.

*

ಆ ಪೆಟ್ಟಿನ ಕಥೆ ಹೀಗಿದೆ.

ಒಜೆಲ್ಲಾ ಗ್ರಿಗ್ಸ್ ಶಿಕಾಗೋದ ಈ ಲಾಂಡ್ರಿಗೆ ಬಂದು ಹದಿನಾಲ್ಕು ವರ್ಷ. ಪೇಟೆಯ ದೊಡ್ಡ ಹೋಟೆಲುಗಳ ಅಂಗಿ, ಹಾಳೆ, ದಿಂಬಿನ ಚೀಲ ಎಲ್ಲ ಇಲ್ಲಿಗೇ ಬರುತ್ತವೆ. ಆ ಹೋಟೆಲುಗಳ ಮುಂಬಾಗಿಲಲ್ಲಿ ಕರಿಯರು ಕಾಲಿಡುವಂತಿಲ್ಲ. ಅವರು ಇಸ್ತ್ರಿ ಮಾಡಿದ ಹಾಳೆಯ ಮೇಲೆ ಮಲಗಲು ಮಾತ್ರ ಯಾರಿಗೂ ಅಡ್ಡಿಯಿಲ್ಲ. ಯಂತ್ರದ ಮೇಲೆ ಬಟ್ಟೆ ಹಾಸಬೇಕು, ಎಡಗಾಲಿನಿಂದ ಪೆಡಲ್ ತುಳಿಯಬೇಕು, ಕಾದ ಕಬ್ಬಿಣದ ಹಲಗೆ ಮೇಲಿನಿಂದ ಬಂದು ಕೂರುತ್ತದೆ, ಬುಸ್ಸೆಂದು ಹಬೆ ಏಳುತ್ತದೆ, ಕಾಲು ತೆಗೆಯಬೇಕು, ಮಡಚಬೇಕು. ಹಾಸು, ತುಳಿ, ಬಿಡು, ಮಡಚು. ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ. ಮೇಸ್ತ್ರಿ ಹೋಬಾರ್ಟ್‌ಗೆ ಯಾರ ಹೆಸರೂ ಗೊತ್ತಿಲ್ಲ, ಯಂತ್ರದ ನಂಬರು ಹಿಡಿದು ಕೂಗುತ್ತಾನೆ. ಒಜೆಲ್ಲಾ ಹದಿನೇಳನೇ ನಂಬರು.

ಅವಳ ತಾಳ ಆ ಪೆಡಲಿನಿಂದ ಬಂದದ್ದು. ಭಾನುವಾರ ಚರ್ಚಿನ ಪಿಯಾನೋಗೆ ಕೂತರೂ, ಶುಕ್ರವಾರ ಸಂಜೆ ನಲವತ್ತಮೂರನೇ ಬೀದಿಯ ಬಾರಿನಲ್ಲಿ ಕೂತರೂ, ಎಡ ಹಿಮ್ಮಡಿ ತಾನಾಗಿ ನೆಲ ಕುಟ್ಟುತ್ತಿತ್ತು. ವಿಟ್‌ಕಾಂಬ್ ಅವಳನ್ನು ಅಲ್ಲಿಯೇ ಕಂಡದ್ದು. ಕಾಲಡಿಗೆ ಒಂದು ಹಲಗೆ ಹಾಕಿ ಅದಕ್ಕೂ ಒಂದು ಮೈಕ್ ಇಟ್ಟ. ಆ ಬಗೆಯ ಹಾಡನ್ನು ಹಿಂದೆ ಕರಿಯರ ರೆಕಾರ್ಡು ಎನ್ನುತ್ತಿದ್ದರು. ಆಮೇಲೆ ರಿದಮ್ ಅಂಡ್ ಬ್ಲೂಸ್ ಎಂದು ಮರ್ಯಾದೆಯ ಹೆಸರು ಕೊಟ್ಟರು. ಹೆಸರು ಬದಲಾಯಿತು, ಮಾರುವ ಬೀದಿ ಬದಲಾಗಲಿಲ್ಲ.

ಅವಳು ಒಟ್ಟು ನಾಲ್ಕು ರೆಕಾರ್ಡು ಮಾಡಿದಳು. ಮೂರು ಹಾಗೆ ಬಂದು ಹೀಗೆ ಹೋದವು. ನಾಲ್ಕನೆಯದು ಅಂಗಿ ಹಾಡು. "ನಿನ್ನ ಅಂಗಿಗೆ ನೀನೇ ಇಸ್ತ್ರಿ ಹಾಕ್ಕೋ, ನನ್ನ ಕೈ ಸೋತಿದೆ" ಎಂದು ಹೆಂಗಸೊಬ್ಬಳು ಗಂಡನಿಗೆ ಹೇಳುವ ಹಾಡು. ಕೊನೆಯಲ್ಲಿ ಹಾಡು ನಿಲ್ಲುತ್ತದೆ, ಪಿಯಾನೋ ನಿಲ್ಲುತ್ತದೆ, ಬರೀ ಹಿಮ್ಮಡಿ ಮೂರು ಸಲ ಹಲಗೆ ಕುಟ್ಟಬೇಕು. ಅವಳು ಕಟ್ಟಿದ್ದು ಅಷ್ಟೇ.

ರೆಕಾರ್ಡಿಂಗ್ ಇದ್ದದ್ದು ಒಂದು ಶನಿವಾರ, ಸಂಜೆ ನಾಲ್ಕಕ್ಕೆ. ಶನಿವಾರ ಲಾಂಡ್ರಿ ಮಧ್ಯಾಹ್ನದವರೆಗೆ. ಹದಿನೇಳನೇ ಯಂತ್ರದ ಕೆಳಗೆ ಹಬೆಯ ಕೊಳವೆ ಒಂದು ತಿಂಗಳಿಂದ ಸೋರುತ್ತಿತ್ತು. ಹೋಬಾರ್ಟ್‌ಗೆ ಮೂರು ಸಲ ಹೇಳಿದ್ದಳು. ಮೂರು ಸಲವೂ "ಮುಂದಿನ ವಾರ" ಎಂದಿದ್ದ. ಆ ಶನಿವಾರ ಕೊಳವೆ ಬಿಟ್ಟುಕೊಂಡಿತು. ಕುದಿಯುವ ನೀರು ಅವಳ ಎಡಗಾಲಿನ ಬೂಟಿನೊಳಗೆ ತುಂಬಿತು. ವಿನೋರಾ ಓಡಿಬಂದು ಬೂಟು ಕಿತ್ತಳು. ಕಾಲುಚೀಲದ ಜೊತೆ ಚರ್ಮವೂ ಬಂತು. ಹಂದಿ ಕೊಬ್ಬು ಸವರಿ, ಹೋಟೆಲಿನ ದಿಂಬಿನ ಚೀಲವೊಂದನ್ನು ಹಲ್ಲಿನಿಂದ ಹರಿದು ಕಟ್ಟಿದಳು. "ಮನೆಗೋಗೇ," ಎಂದಳು. ಮನೆಗೆ ಹೋದರೆ ವಿಟ್‌ಕಾಂಬ್ ಆ ನಾಲ್ಕು ಗಂಟೆಯ ಹೊತ್ತನ್ನು ಇನ್ನೊಬ್ಬರಿಗೆ ಕೊಡುತ್ತಿದ್ದ. ಒಜೆಲ್ಲಾ ಒಂದೇ ಕಾಲಲ್ಲಿ ಟ್ರಾಮ್ ಹತ್ತಿದಳು.

ಹಾಡು ಮುಗಿಯುವವರೆಗೂ ತಡೆದುಕೊಂಡಳು. ಕೊನೆಯ ಮೂರರಲ್ಲಿ ಒಂದು ಬಿತ್ತು, ಎರಡು ಬಿತ್ತು. ಮೂರನೆಯದಕ್ಕೆ ಕಾಲು ಇಳಿಯಲಿಲ್ಲ. ಅವಳು ಇಳಿಸಲಿಲ್ಲ ಎಂದಲ್ಲ, ಕಾಲೇ ಇಳಿಯಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಗಾಳಿಯಲ್ಲೇ ನಿಂತು ಆಮೇಲೆ ಬಿತ್ತು. ಅವಳ ಹಲ್ಲಿನ ಸಂದಿಯಿಂದ 'ಸ್ಸ್' ಎಂದು ಸದ್ದು ಹೊರಟಿತು.

"ಇದೇ ಇರ್ಲಿ," ಎಂದ ವಿಟ್‌ಕಾಂಬ್ ಗಾಜಿನ ಆಚೆಯಿಂದ. ಕಾಲಿನ ಕಟ್ಟು ಅವನಿಗೆ ಕಂಡಿತ್ತು. ಏನಾಯಿತು ಎಂದು ಕೇಳಲಿಲ್ಲ.

ಜನ ಆ ತಡಕ್ಕೇ ಮರುಳಾದರು. ಬಾರುಗಳಲ್ಲಿ ಗಂಡಸರು ಗ್ಲಾಸು ಎತ್ತಿ ಹಿಡಿದು ಮೂರನೆಯ ಪೆಟ್ಟಿಗೆ ಕಾಯುತ್ತಿದ್ದರು. ಅದು ಬಿದ್ದಾಗ ಗ್ಲಾಸು ಕುಕ್ಕಿ 'ಸ್ಸ್' ಎನ್ನುತ್ತಿದ್ದರು. ಒಜೆಲ್ಲಾ ಎದುರಿಗೆ ಕೂತು ಹಾಡುವಾಗ ಮೂರನೆಯದನ್ನು ಅವಳು ಹಾಕುವ ಪ್ರಮೇಯವೇ ಬರುತ್ತಿರಲಿಲ್ಲ. ಜನವೇ ನೆಲ ಗುದ್ದುತ್ತಿದ್ದರು. "ಕಾಯಿಸಿ ಕೊಲ್ತಾಳೆ ಒಜೆಲ್ಲಾ!" ಎಂದು ರೇಡಿಯೋದವನು ಕೂಗುತ್ತಿದ್ದ. ಅವಳು ಸುಮ್ಮನೆ ನಗುತ್ತಿದ್ದಳು. ಸುಟ್ಟ ಕಾಲಿನ ವಿಷಯ ಹೇಳಿ ಯಾರ ಖುಷಿ ಕೆಡಿಸಬೇಕು?

ತಟ್ಟೆಯ ಮೇಲೆ ಹಾಡಿದವಳ ಹೆಸರು ಒಜೆಲ್ಲಾ ಗ್ರಿಗ್ಸ್ ಎಂದಿತ್ತು. ಹಾಡು ಕಟ್ಟಿದವರು ಎಂಬ ಜಾಗದಲ್ಲಿ ವಿಟ್‌ಕಾಂಬ್‌ನ ಹೆಸರಿತ್ತು. ಆ ಮನುಷ್ಯ ತನ್ನ ಜೀವಮಾನದಲ್ಲಿ ಒಂದು ಕರವಸ್ತ್ರಕ್ಕೂ ಇಸ್ತ್ರಿ ಹಾಕಿದವನಲ್ಲ.

*

ಭಾನುವಾರ ಚರ್ಚು ಬಿಟ್ಟು ಒಜೆಲ್ಲಾ ಸ್ಟುಡಿಯೋಗೆ ಹೋದಳು. ಮುಂದಿನ ಲಿಫ್ಟಿನವನು ತಲೆಯಾಡಿಸಿ ಹಿಂದಕ್ಕೆ ಕೈ ತೋರಿಸಿದ. ಸಾಮಾನು ಏರಿಸುವ ಲಿಫ್ಟಿನಲ್ಲಿ ಎರಡು ಹಳೆಯ ಮೇಜುಗಳ ಜೊತೆ ಮೇಲೆ ಹೋದಳು.

ಒಳಗೆ ಎಲ್ಲ ಹೊಸದು. ವಿಟ್‌ಕಾಂಬ್ ಬಿಳಿಯರ ಅಂಗಡಿಗಳಲ್ಲಿ ಮಾರಲೆಂದೇ ಹೊಸ ರೆಕಾರ್ಡುಗಳನ್ನು ಶುರುಮಾಡಿದ್ದ. ಜೋನಿ ಮೈಕಿನ ಮುಂದೆ ನಿಂತಿದ್ದಳು. ಹತ್ತೊಂಬತ್ತರ ಹುಡುಗಿ, ಬಿಳಿ ಸ್ವೆಟರು. ಒಜೆಲ್ಲಾಳನ್ನು ಕಂಡವಳೇ ಓಡಿಬಂದಳು.

"ಒಜೆಲ್ಲಾ! ನಿನ್ನ ರೆಕಾರ್ಡ್ ನನ್ ಹತ್ರ ಇದೆ. ಸವೆದು ಹೋಗೋ ತನಕ ಕೇಳಿದೀನಿ. ಕೊನೇಲಿ 'ಸ್ಸ್' ಅಂತೀಯಲ್ಲ, ಕನ್ನಡಿ ಮುಂದೆ ನಿಂತು ಅದನ್ನೇ ಪ್ರ್ಯಾಕ್ಟೀಸ್ ಮಾಡಿದೀನಿ. ನೋಡು, ಸ್ಸ್!"

ಕೆಟ್ಟ ಹುಡುಗಿಯಲ್ಲ. ಅವಳ ಕಣ್ಣಲ್ಲಿ ನಿಜವಾದ ಪ್ರೀತಿಯೇ ಇತ್ತು. ಒಜೆಲ್ಲಾಗೆ ಆಯಾಸವಾದದ್ದು ಅದರಿಂದಲೇ. ಬೈಯುವವರಿಗಾದರೆ ಬೈಯಬಹುದು.

"ಚೆನ್ನಾಗಿದೆ ಮಗಾ," ಎಂದಳು.

ಅವಳ ಜಾಗ ಬೇರೆ ಇತ್ತು. ಮೂಲೆಯಲ್ಲಿ ದಪ್ಪ ಬಟ್ಟೆ ಹೊದಿಸಿದ ಅಡ್ಡಹಲಗೆಗಳನ್ನು ನಿಲ್ಲಿಸಿ, ಹಿಂದೆ ಒಂದು ಸ್ಟೂಲು, ನೆಲಕ್ಕೆ ಅವಳದೇ ಹಳೆಯ ಹಲಗೆ, ಅದಕ್ಕೊಂದು ಮೈಕು. ಅಲ್ಲಿ ಕೂತರೆ ಅವಳು ಯಾರಿಗೂ ಕಾಣುವುದಿಲ್ಲ. ಪಕ್ಕದಲ್ಲಿ ಬೇಸ್ ಹಿಡಿದ ಲೂಥರ್ ಒಬ್ಬ ಕಾಣುತ್ತಿದ್ದ.

ಹಾಡು ಶುರುವಾಯಿತು. ಅಂಗಿ ಇರಲಿಲ್ಲ. "ನನ್ನ ಗೌನಿಗೆ ನಾನೇ ಇಸ್ತ್ರಿ ಹಾಕ್ಕೋತೀನಿ, ಶನಿವಾರ ಡಾನ್ಸಿಗೆ ಹೋಗ್ಬೇಕು" ಎಂದು ಜೋನಿ ಹಾಡಿದಳು. ಕೈ ಸೋತ ಹೆಂಗಸು ಎಲ್ಲೋ ಹೋಗಿ ಡಾನ್ಸಿಗೆ ಹೊರಟ ಹುಡುಗಿ ಬಂದಿದ್ದಳು. ಉಳಿದದ್ದೆಲ್ಲ ಹಾಗೇ ಇತ್ತು. ಪಿಯಾನೋದಲ್ಲಿ ಅವಳ ಬೆರಳು ಒಮ್ಮೆ ಜಾರಿದ್ದ ಜಾಗವಿತ್ತು. ಆ ಜಾರಿಕೆಯನ್ನೂ ಕಾಗದದ ಮೇಲೆ ಬರೆದುಕೊಂಡು ಪಿಯಾನೋದವನು ನೀಟಾಗಿ ಜಾರಿದ.

ಒಜೆಲ್ಲಾಳ ಕಾಲು ಕೆಲಸ ಮಾಡಿತು. ಹಾಸು, ತುಳಿ, ಬಿಡು, ಮಡಚು. ಕೊನೆಗೆ ಎಲ್ಲ ನಿಂತಿತು. ಒಂದು. ಎರಡು. ಮೂರು.

"ಕಟ್," ಎಂದ ವಿಟ್‌ಕಾಂಬ್. "ಮೂರನೇದು ತಡ ಆಗ್ಬೇಕು ಒಜೆಲ್ಲಾ. ನಿಂಗೆ ಗೊತ್ತಲ್ಲ."

ಮತ್ತೆ ಹಾಡಿದರು. ಈ ಸಲ ತಡಮಾಡಿ ಹಾಕಿದಳು. ಸರಿಬರಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಏಳು ಸಲ ಆಯಿತು. ಸಂಗೀತ ಬರೆಯುವವನು ಕಾಗದ ಹಿಡಿದು ಅಡ್ಡಹಲಗೆಯ ಸಂದಿಯಿಂದ ಇಣುಕಿದ. "ತಡ ಮಾಡಿದ ಹಾಗಿದೆ," ಎಂದ, "ತಡ ಆದ ಹಾಗಿಲ್ಲ."

ಅವಳು ಬೇಕೆಂದೇ ಕೆಡಿಸುತ್ತಿರಲಿಲ್ಲ. ನಿಜವಾಗಿಯೂ ಪ್ರಯತ್ನಿಸುತ್ತಿದ್ದಳು. ಕಣ್ಣು ಮುಚ್ಚಿದರೆ ವಿನೋರಾಳ ರಟ್ಟಿನ ಪೆಟ್ಟಿಗೆ ಕಾಣುತ್ತಿತ್ತು. ಒಂದು ಪೆಟ್ಟು ಸರಿಯಾಗಿ ಬಿದ್ದರೆ ಐದು ಜನರ ಹೆಸರು ತಟ್ಟೆಯ ಮೇಲೆ ಕೊರೆದು ಕೂರುತ್ತದೆ. ಇಷ್ಟು ಸಣ್ಣ ಕೆಲಸ. ಅವಳ ಕಾಲಿಗೆ ತಪ್ಪುವುದು ಬರುತ್ತಿರಲಿಲ್ಲ.

ವಿಟ್‌ಕಾಂಬ್ ಗಾಜಿನ ಕೋಣೆ ಬಿಟ್ಟು ಹೊರಗೆ ಬಂದ. ಕೋಪವಿರಲಿಲ್ಲ. ಅವನು ಕೋಪ ಮಾಡಿಕೊಳ್ಳುವವನೇ ಅಲ್ಲ. "ಆವತ್ತು ಹೇಗೆ ಮಾಡ್ದೆ? ಅದನ್ನ ಹೇಳು."

"ಮಾಡ್ಲಿಲ್ಲ ಮಿಸ್ಟರ್ ವಿಟ್‌ಕಾಂಬ್. ಆವತ್ತು ಬೆಳಗ್ಗೆ ಲಾಂಡ್ರಿಯಲ್ಲಿ ಹಿಮ್ಮಡಿ ಸುಟ್ಟಿತ್ತು. ಚರ್ಮ ಇರ್ಲಿಲ್ಲ. ಕಾಲು ಊರಕ್ಕೆ ಆಗ್ಲಿಲ್ಲ. ಅದಕ್ಕೇ ತಡ ಆಯ್ತು."

ಜೋನಿ ಬಾಯಿಗೆ ಕೈ ಅಡ್ಡ ಹಿಡಿದಳು. "ಹಾಗಾದ್ರೆ ಆ 'ಸ್ಸ್'..." ಎಂದಳು. ಲೂಥರ್ ತಲೆ ಎತ್ತಿ ನೋಡಿದ. ಆ ಶನಿವಾರ ಅವಳ ಹಿಂದೆಯೇ ನಿಂತು ಬಾರಿಸಿದ್ದವನಿಗೂ ಇದು ಗೊತ್ತಿರಲಿಲ್ಲ.

ವಿಟ್‌ಕಾಂಬ್ ಒಂದು ಕ್ಷಣ ಯೋಚಿಸಿದ. ಮೈಕು ಎಲ್ಲಿಡಬೇಕೆಂದು ಯೋಚಿಸುವ ಹಾಗೆಯೇ. ಆಮೇಲೆ ಬಗ್ಗಿ, ಯಾರೋ ಕುಡಿದು ಎಸೆದ ಸೋಡಾ ಬಾಟಲಿಯ ತಗಡಿನ ಮುಚ್ಚಳವನ್ನು ನೆಲದಿಂದ ಎತ್ತಿಕೊಂಡ. ಅವಳ ಅಂಗೈಯಲ್ಲಿಟ್ಟ.

"ಇದನ್ನ ಬೂಟಿನೊಳಗೆ ಹಾಕ್ಕೋ. ಹಲ್ಲಿನ ಕಡೆ ಮೇಲೆ ಬರ್ಲಿ. ಮೂರೇ ಪೆಟ್ಟು, ಮುಗೀತು."

ದುಷ್ಟತನದಿಂದ ಹೇಳಿದ ಮಾತಲ್ಲ ಅದು. ಹಾಗೆ ಹೇಳಿದ್ದರೆ ಎಷ್ಟೋ ವಾಸಿಯಿತ್ತು. ಕುರ್ಚಿ ಸ್ವಲ್ಪ ಈಚೆಗೆ ಎಳ್ಕೋ ಎಂದಷ್ಟೇ ಸಹಜವಾಗಿ ಹೇಳಿದ. ಡ್ರಮ್ಮಿನವನು ತನ್ನ ಕೋಲು ನೋಡಿದ. ಲೂಥರ್ ತಂತಿ ನೋಡಿದ. ಬರೆಯುವವನು ಕಾಗದ ನೋಡಿದ.

ಒಜೆಲ್ಲಾ ಬಗ್ಗಿ ಬೂಟಿನ ಲೇಸು ಬಿಚ್ಚಿದಳು. ಹೌದು, ಬಿಚ್ಚಿದಳು. ಹುಟ್ಟಿದಾಗಿನಿಂದ ಮೂವತ್ತೇಳು ವರ್ಷ ಹೇಳಿದ್ದನ್ನು ಮಾಡಿ ಮಾಡಿ ಬೆನ್ನಿಗೆ ಬಗ್ಗುವುದು ಅಭ್ಯಾಸವಾಗಿತ್ತು. ಬೂಟು ಕಳಚಿ ಕಾಲುಚೀಲ ಕೆಳಗೆ ಜಾರಿಸಿದಳು. ಹಿಮ್ಮಡಿಯ ಮೇಲೆ ಹೊಸ ಚರ್ಮ ತೆಳ್ಳಗೆ, ತಿಳಿಗೆಂಪಾಗಿ, ಸುತ್ತಲಿನ ಕಪ್ಪಿಗೆ ಸಂಬಂಧವೇ ಇಲ್ಲದಂತೆ ಮಿನುಗುತ್ತಿತ್ತು. ಅದು ಕೂಡಿಕೊಳ್ಳಲು ಐದು ವಾರ ಹಿಡಿದಿತ್ತು. ಆ ಐದು ವಾರವೂ ಅವಳು ಅದೇ ಕಾಲಲ್ಲಿ ಪೆಡಲ್ ತುಳಿದಿದ್ದಳು. ರಜೆ ಕೇಳಿದ್ದರೆ ಹದಿನೇಳನೇ ನಂಬರಿಗೆ ಬೇರೆಯವಳು ಬರುತ್ತಿದ್ದಳು.

ಆ ಚರ್ಮವನ್ನು ಹೆಬ್ಬೆರಳಲ್ಲಿ ಸವರಿದಳು. ಇದೊಂದನ್ನು ಮಾತ್ರ ಅವಳ ಮೈ ಅವಳಿಗಾಗಿ ಮಾಡಿತ್ತು. ಯಾರ ಆಜ್ಞೆಯೂ ಇಲ್ಲದೆ, ಯಾರ ಹಾಳೆಗೂ ಅಲ್ಲದೆ. ಕಾಲುಚೀಲ ಮೇಲೆಳೆದಳು. ಬೂಟು ಹಾಕಿಕೊಂಡು ಲೇಸು ಕಟ್ಟಿದಳು. ಎದ್ದು ನಿಂತು ಮುಚ್ಚಳವನ್ನು ವಿಟ್‌ಕಾಂಬ್‌ನ ಕೋಟಿನ ಮೇಲಿನ ಜೇಬಿಗೆ ಹಾಕಿದಳು.

"ಇಲ್ಲ," ಎಂದಳು.

"ಏನು ಇಲ್ಲ?"

"ಹಾಡು ತಗೊಂಡೆ. ಅಂಗಿ ಕಿತ್ತು ಗೌನು ತೊಡಿಸ್ದೆ. ನನ್ನ ಬೆರಳು ಜಾರಿದ್ದನ್ನೂ ಬರ್ಕೊಂಡೆ. ಈಗ ನೋವೂ ಬೇಕಾ? ಬೇಕಿದ್ರೆ ನಿನ್ನ ಬೂಟಿಗೆ ಹಾಕ್ಕೊಂಡು ನೀನೇ ಕುಟ್ಟು."

ವಿಟ್‌ಕಾಂಬ್ ಕಣ್ಣು ಮಿಟುಕಿಸಿದ. ಬೈದದ್ದಕ್ಕಿಂತ, ಅವಳು ಮಿಸ್ಟರ್ ಎನ್ನದೆ ಮಾತಾಡಿದ್ದು ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಆ ಬಾಗಿಲು ದಾಟಿದ್ರೆ ನಿನ್ನ ಹೆಂಗಸರ ಹಾಡು ಇಲ್ಲ," ಎಂದ. "ಇಲ್ಲೂ ಇಲ್ಲ, ಎಲ್ಲೂ ಇಲ್ಲ. ಎರಡು ವರ್ಷ ಆದ್ಮೇಲೆ ಯಾರು ನೆನಪಿಟ್ಕೊಂಡಿರ್ತಾರೆ ನಿನ್ನನ್ನ?"

"ಗೊತ್ತು," ಎಂದಳು.

ಗೊತ್ತಿದ್ದೇ ಹೊರಟಳು. ಸಾಮಾನಿನ ಲಿಫ್ಟು ಬರಲು ಬಹಳ ಹೊತ್ತಾಯಿತು. ಗೋಡೆಗೆ ಒರಗಿ ನಿಂತಳು. ಗೆದ್ದೆ ಎನ್ನಿಸಲಿಲ್ಲ. ಹನ್ನೆರಡು ಗಂಟೆ ದುಡಿದು ಬಂದ ಹಾಗೆ ಮೈಯೆಲ್ಲ ಭಾರವಾಗಿತ್ತು. ಲೂಥರ್ ಒಳಗೇ ಉಳಿದ. ಅವನ ಮನೆಯಲ್ಲಿ ನಾಲ್ಕು ಮಕ್ಕಳು. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

*

ಸೋಮವಾರ ಬೆಳಗ್ಗೆ ಸಾಲಿನವರಿಗೆ ಹೇಳಿದಳು. ಯಂತ್ರ ಬಿಸಿಯಾಗುವವರೆಗೆ ಐದು ನಿಮಿಷ ಸಿಗುತ್ತದೆ, ಆಗ ಹೇಳಿದಳು. ಮುಚ್ಚಳದ ವಿಷಯವನ್ನೂ ಹೇಳಿದಳು. ನಾಲ್ವರು ನೆಲ ನೋಡಿದರು. ವಿನೋರಾ ಮಾತ್ರ ನೆಟ್ಟಗೆ ನೋಡಿದಳು.

"ಒಂದು ಮುಚ್ಚಳ ತಾನೇನೇ?"

"ವಿನೋರಕ್ಕ..."

"ಮೂರು ಪೆಟ್ಟು! ಈ ಎದೆ ನೋಡೇ. ಮುಂದಿನ ಚಳಿಗಾಲ ಕಾಣ್ತೀನೋ ಇಲ್ವೋ. ನಾನು ನಲವತ್ತು ವರ್ಷ ಏನೇನು ತುಳ್ಕೊಂಡು ಬಂದಿವ್ನಿ ಗೊತ್ತಾ ನಿಂಗೆ? ನಿನ್ನ ಕಾಲೇನು ಮಹಾರಾಣಿ ಕಾಲಾ? ನನ್ನ ಮಗಳು ನನ್ನ ಹೆಸರು ಕೇಳ್ತಿದ್ಲು ಕಣೇ. ಹಾಡ್ನಲ್ಲಿ ಕೇಳ್ತಿದ್ಲು."

ವಿನೋರಾ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಹೋಬಾರ್ಟ್ ಗಂಟೆ ಹೊಡೆದ. ಪೆಡಲುಗಳು ಇಳಿದವು. ಅವತ್ತಿನಿಂದ ವಿನೋರಾ ಅವಳೊಡನೆ ಮಾತು ಬಿಟ್ಟಳು. ಊಟದ ಹೊತ್ತಿಗೆ ಡಬ್ಬ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂರುತ್ತಿದ್ದಳು. ಆ ಚಳಿಗಾಲ ಕಳೆಯಿತು. ವಿನೋರಾ ಸಾಯಲಿಲ್ಲ, ಮಾತೂ ಆಡಲಿಲ್ಲ.

ಬೇಸಿಗೆಗೆ ಮುಂಚೆ ಹೋಬಾರ್ಟ್ ಒಂದು ರೇಡಿಯೋ ತಂದು ತನ್ನ ಮೇಜಿನ ಮೇಲಿನ ಗೂಡಿನಲ್ಲಿಟ್ಟ. ಹೆಂಗಸರ ಮೇಲಿನ ಅಕ್ಕರೆಯಿಂದಲ್ಲ. ಹಾಡು ಜೋರಾಗಿದ್ದರೆ ಕಾಲು ಬೇಗ ಆಡುತ್ತದೆ, ಗಂಟೆಗೆ ಇಪ್ಪತ್ತು ಅಂಗಿ ಹೆಚ್ಚು ಬೀಳುತ್ತದೆ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ನಿಧಾನದ ಹಾಡು ಬಂದರೆ ತಿರುಪು ತಿರುಗಿಸಿ ಜೋರಿನದು ಹುಡುಕುತ್ತಿದ್ದ.

ಒಂದು ಮಂಗಳವಾರ ಹತ್ತು ಗಂಟೆಯ ಸುಮಾರಿಗೆ ಜೋನಿಯ ಹಾಡು ಬಂತು. ಊರಿಗೆಲ್ಲ ಅದೇ ಹಾಡು ಎಂದು ರೇಡಿಯೋದವನು ಹೇಳಿದ. ಹೋಬಾರ್ಟ್ ಸದ್ದು ಜೋರು ಮಾಡಿದ. "ನನ್ನ ಗೌನಿಗೆ ನಾನೇ ಇಸ್ತ್ರಿ ಹಾಕ್ಕೋತೀನಿ..." ಮೂರನೆಯ ಸಾಲಿನವರ ಕಾಲು ಗೊತ್ತಿಲ್ಲದೆಯೇ ಆ ತಾಳಕ್ಕೆ ಸೇರಿತು. ಸೇರದೆ ಏನು ಮಾಡೀತು, ಅದು ಅವರದೇ ತಾಳ. ಹಾಸು, ತುಳಿ, ಬಿಡು, ಮಡಚು. ಒಜೆಲ್ಲಾ ತಲೆ ತಗ್ಗಿಸಿ ಅಂಗಿಯ ಕಾಲರು ಎಳೆದಳು. ಡ್ರಮ್ಮಿನವನೇ ಬಾರಿಸಿದ್ದ. ತಾಳ ಸರಿಯಿತ್ತು, ಜೀವ ಇರಲಿಲ್ಲ. ಆಗಲಿ, ನನ್ನ ಕಾಲು ಅದರಲ್ಲಿಲ್ಲ ಎಂದುಕೊಂಡಳು. ಅಷ್ಟಾದರೂ ಉಳಿಯಿತು.

ಹಾಡು ನಿಂತಿತು. ಪಿಯಾನೋ ನಿಂತಿತು. ಒಂದು. ಎರಡು. ಆಮೇಲೆ ಏನೂ ಇಲ್ಲ. ಆಮೇಲೆ ಮೂರು.

ಸ್ಸ್.

ಅದು ಜೋನಿಯ 'ಸ್ಸ್' ಅಲ್ಲ. ಕನ್ನಡಿಯ ಮುಂದೆ ಕಲಿತದ್ದಲ್ಲ. ಒಜೆಲ್ಲಾ ಕಾಲರು ಬಿಟ್ಟು ರೇಡಿಯೋ ಕಡೆ ತಿರುಗಿದಳು. ಹಲಗೆ ತನ್ನದು, ಹಿಮ್ಮಡಿ ತನ್ನದು, ಹಲ್ಲಿನ ಸಂದಿಯಿಂದ ಹೊರಟ ಆ ಉಸಿರು ತನ್ನದು. ಈಗೆಲ್ಲ ಹಾಡನ್ನು ಟೇಪಿನ ಮೇಲೆ ಹಿಡಿಯುತ್ತಾರೆ, ಬೇಕಾದ ತುಂಡು ಬ್ಲೇಡಿನಿಂದ ಕತ್ತರಿಸಿ ಬೇಕಾದಲ್ಲಿ ಅಂಟಿಸುತ್ತಾರೆ ಎಂದು ಲೂಥರ್ ಒಮ್ಮೆ ಹೇಳಿದ್ದ. ಹಳೆಯ ಟೇಪಿನ ಬಾಲ ಕತ್ತರಿಸಿ ಹುಡುಗಿಯ ಹಾಡಿಗೆ ಅಂಟಿಸಿದ್ದರು. ಅವಳು ಕೊಡದೇ ಹೋದದ್ದನ್ನು ತೆಗೆದುಕೊಂಡೇ ಬಿಟ್ಟಿದ್ದರು.

ಪಕ್ಕದ ಯಂತ್ರದಲ್ಲಿ ವಿನೋರಾ ತಲೆ ಎತ್ತಿದ್ದಳು. ಆ ಸದ್ದನ್ನು ಅವಳು ರೆಕಾರ್ಡಿಗಿಂತ ಮೊದಲೇ ಕೇಳಿದ್ದಳು. ಇದೇ ನೆಲದ ಮೇಲೆ, ಬೂಟು ಕಿತ್ತಾಗ, ಕೊಬ್ಬು ಸವರಿದಾಗ. ಎಷ್ಟೋ ತಿಂಗಳ ಮೇಲೆ ಬಾಯಿ ಬಿಟ್ಟಳು.

"ಅದು ಆ ಗಾಯ ಅಲ್ವೇನೇ?"

ಒಜೆಲ್ಲಾ ತಲೆಯಾಡಿಸಿದಳು. "ನಾನು ಕೊಡ್ಲಿಲ್ಲ ವಿನೋರಕ್ಕ."

"ಗೊತ್ತು ಬಿಡು. ನಾನು ಕಟ್ಟಿದ ಕಾಲು."

ವಿನೋರಾ ಪೆಡಲಿನಿಂದ ಕಾಲು ತೆಗೆದಳು. ಅವಳ ಯಂತ್ರದ ಹಲಗೆ ಮೇಲೆದ್ದು ಬಾಯಿ ತೆರೆದು ನಿಂತಿತು. ಎದೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಹೋಬಾರ್ಟ್‌ನ ಮೇಜಿನವರೆಗೆ ಹೋಗಿ ರೇಡಿಯೋ ಆರಿಸಿದಳು. ತಿರುಗಿ ಬಂದು ತನ್ನ ಜಾಗದಲ್ಲಿ ನಿಂತಳು. ಅಷ್ಟರಲ್ಲಿ ಕಾರಿ ಬೆಲ್ ಕಾಲು ತೆಗೆದಿದ್ದಳು. ಡೆಲ್ಫೀನ್ ತೆಗೆದಳು. ಇಡೀ ಸಾಲು ಸುಮ್ಮನಾಯಿತು. ಹದಿನಾಲ್ಕು ವರ್ಷದಲ್ಲಿ ಹಗಲು ಹೊತ್ತು ಆ ಸಾಲು ಸುಮ್ಮನಿದ್ದದ್ದನ್ನು ಒಜೆಲ್ಲಾ ಕೇಳಿರಲಿಲ್ಲ.

ಹೋಬಾರ್ಟ್ ಒಗೆಯುವ ಕಡೆಯಿಂದ ಓಡಿಬಂದ. "ಯಾರು ಆರಿಸಿದ್ದು? ಯಂತ್ರ ಯಾಕೆ ನಿಂತಿದೆ? ಯಾವ ನಂಬರು?" ಜೇಬಿನಿಂದ ಚೀಟಿ ಪುಸ್ತಕ, ಪೆನ್ಸಿಲು ತೆಗೆದ. ಕೆಲಸದಿಂದ ತೆಗೆಯಬೇಕಾದವರನ್ನು ಅವನು ಅದರಲ್ಲಿ ಬರೆದುಕೊಂಡು ಮಾಲೀಕನಿಗೆ ಕೊಡುತ್ತಿದ್ದ. "ಹೇಳಿ, ಯಾವ ನಂಬರು?"

"ನಂಬರಿಲ್ಲ," ಎಂದಳು ವಿನೋರಾ. "ಬರ್ಕೊಳೋದಾದ್ರೆ ಹೆಸರು ಬರ್ಕೋ. ವಿನೋರಾ ಟೇಟ್."

ಹೋಬಾರ್ಟ್ ಬರೆದ. ಆಚೆಯಿಂದ ಇನ್ನೊಂದು ದನಿ ಬಂತು.

"ಕಾರಿ ಬೆಲ್ ಹಡ್ಜ್."

"ಡೆಲ್ಫೀನ್ ರೂಕ್."

"ಮಾಜೆಲ್ ಆಬ್ರಿ."

"ಲೂಡೀ ಪಾರ್ಕ್ಸ್," ಎಂದಳು ಕೊನೆಯವಳು.

ಹಾಡಿನಲ್ಲಿ ಬರುವ ಕ್ರಮದಲ್ಲೇ ಹೇಳಿದ್ದರು. ಹೋಬಾರ್ಟ್‌ಗೆ ಅದೆಲ್ಲಿಂದ ಗೊತ್ತಾಗಬೇಕು? ಒಂದರ ಕೆಳಗೆ ಒಂದು ಬರೆದುಕೊಂಡ. ಐದು ಹೆಸರಾಯಿತು. ಪೆನ್ಸಿಲ್ ಎತ್ತಿ ಹದಿನೇಳನೇ ಯಂತ್ರದ ಕಡೆ ನೋಡಿದ.

"ನೀನು?"

ಒಜೆಲ್ಲಾ ಎಡಗಾಲನ್ನು ಪೆಡ‌ಲಿನಿಂದ ತೆಗೆದು ನೆಲದ ಮೇಲೆ ಪೂರ್ತಿ ಊರಿದಳು.

"ಒಜೆಲ್ಲಾ ಗ್ರಿಗ್ಸ್," ಎಂದಳು. "ಸರಿಯಾಗಿ ಬರ್ಕೋ."